ಎಡಗಡೆಯ ಸೀಟು

ನಮ್ಮ ಮಾವನವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಸ್ವಲ್ಪ ಕಪ್ಪಲ್ಲ, ಇಬ್ಬರು ಬೇರೆ ಬೇರೆ ಮನುಷ್ಯರ ಕೈ ತಂದು ಒಂದೇ ಮೈಗೆ ಜೋಡಿಸಿದಂತಿತ್ತು. ಎಡಗೈ ಗೋಧಿ ಬಣ್ಣ. ಬಲಗೈ ಮಾತ್ರ ಮೊಣಕೈಯಿಂದ ಬೆರಳಿನ ಗೆಣ್ಣಿನ ತನಕ ಹುರಿದ ಹುರುಳಿಯ ಬಣ್ಣ. ಮದುವೆಯಾಗಿ ಹೊಸೂರಿಗೆ ಬಂದ ಹೊಸತರಲ್ಲಿ ನಾನು ಅದನ್ನು ಯಾವುದೋ ಚರ್ಮದ ಕಾಯಿಲೆ ಎಂದುಕೊಂಡಿದ್ದೆ. ಬಡಿಸುವಾಗ ಆ ಕೈಯನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದೆ. ಅದು ಕಾಯಿಲೆಯಲ್ಲ, ಕಾರು ಎಂದು ಆಮೇಲೆ ತಿಳಿಯಿತು. ಸೂರಿಲ್ಲದ ಕಾರಿನ ಗಿಡ್ಡ ಬಾಗಿಲ ಮೇಲೆ ಬಲಮೊಣಕೈ ಊರಿಕೊಂಡು ಹರೆಯದಿಂದ ಓಡಾಡಿದವರು ಅವರು. ಬಿಸಿಲೆಲ್ಲ ಆ ಒಂದು ಕೈಗೇ ಬಿದ್ದಿತ್ತು. "ಕಾಯ್ಲೆ ಅಂದ್ಕೊಂಡ್ರೂ ತಪ್ಪೇನಿಲ್ಲ ಬುಡಮ್ಮ," ಎಂದಿದ್ದರು ನಮ್ಮತ್ತೆ.

ಮಾವ ಹೊಸೂರಿನ ಕೋರ್ಟಿನಲ್ಲಿ ವಕೀಲರು. ಕರಿ ಕೋಟು, ಬಿಳಿ ಪಟ್ಟಿ, ಕಣ್ಣಿಗೆ ದೊಡ್ಡ ಕನ್ನಡಕ, ಕಾಲಿಗೆ ಹೊಳೆಯುವ ಬೂಟು, ಕೆಳಗೆ ಇಂಗ್ಲೆಂಡಿನ ಹಳೇ ರೇಸು ಕಾರು. ಕಾರಿಗೆ ಎರಡೇ ಸೀಟು. ಮುಂದೆ ಉದ್ದ ಮೂತಿ, ಹಿಂದೆ ಬೆನ್ನಿಗೆ ಕಟ್ಟಿದ ಸ್ಟೆಪ್ನಿ ಚಕ್ರ. ಮಳೆ ಬಂದರೆ ಎಳೆದುಕೊಳ್ಳಲು ಕ್ಯಾನ್ವಾಸಿನ ಮುಚ್ಚಿಗೆ ಒಂದಿತ್ತಂತೆ, ಅದನ್ನು ಇಲಿಗಳು ನಮಗಿಂತ ಮೊದಲೇ ನೋಡಿಕೊಂಡಿದ್ದವು. ನಮ್ಮ ಊರಲ್ಲಿ ಯಾವುದಕ್ಕಾದರೂ ಮೂರು ಭಾಷೆಯಲ್ಲಿ ಹೆಸರಿಡುತ್ತಾರೆ. ತಮಿಳಿನವರು ಅದನ್ನು ಮೊಟ್ಟೈ ಕಾರು ಎಂದರು, ತೆಲುಗಿನವರು ಬೋಡಿ ಕಾರು ಎಂದರು, ನಾವು ಬೋಳು ಕಾರು ಎಂದೆವು. ಜಗಳವಿಲ್ಲದೆ ಮೂರು ಭಾಷೆಯವರೂ ಒಪ್ಪಿಕೊಂಡದ್ದು ಅದೊಂದೇ ಇರಬೇಕು. ಮಾವ ಮಾತ್ರ ಅದನ್ನು ಹಸುವಿನ ಹೆಸರಿನಿಂದ ಕೆಂಪಿ ಎಂದು ಕರೆಯುತ್ತಿದ್ದರು.

ಕೆಂಪಿ ಅವರ ಮೂರನೆಯ ಗಾಡಿ. ಮೊದಲನೆಯದು ಹಸಿರು. ಕಾನೂನು ಓದುತ್ತಿದ್ದ ಹುಡುಗ ಬೆಂಗಳೂರಿನ ದಂಡಿನಲ್ಲಿ, ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟಿದ್ದ ಒಬ್ಬ ರೈಲ್ವೆ ಸಾಹೇಬರ ಬಳಿ ಕೊಂಡದ್ದು. ಅದನ್ನು ಓಡಿಸಿಕೊಂಡು ಮನೆಗೆ ಬಂದಾಗ ಅವರ ಅಪ್ಪ ಜಗಲಿಯಲ್ಲಿ ನಿಂತು ಸುತ್ತಲೂ ನೋಡಿ, "ಮನೆ ತುಂಬ ಜನ ಅವ್ರೆ, ಎರಡು ಸೀಟಿನ ಗಾಡಿ ತಂದಿದ್ದೀಯಲ್ಲಾ, ಮಿಕ್ಕೋರೆಲ್ಲ ಎಲ್ ಕೂತ್ಕಬೇಕು?" ಎಂದು ಕೇಳಿದರಂತೆ. ಮಗ, "ಮಿಕ್ಕೋರು ಬಸ್ಸಲ್ ಬರ್ಲಿ," ಎಂದನಂತೆ. ಈ ಕತೆಯನ್ನು ಮಾವ ನಗುತ್ತ ಹೇಳುತ್ತಿದ್ದರು. ಕೇಳುವವರೂ ನಗುತ್ತಿದ್ದರು. ಬಸ್ಸಲ್ಲಿ ಬಂದವರು ಮಾತ್ರ ನಗುತ್ತಿದ್ದುದನ್ನು ನಾನು ನೋಡಲಿಲ್ಲ. ಎರಡನೆಯದು ಕರಿಯದು, ಕೋಲಾರದ ಚಿನ್ನದ ಗಣಿಯ ಕಡೆ ಯಾರದೋ ಹಿತ್ತಿಲಲ್ಲಿ ಕೋಳಿಗೂಡಾಗಿದ್ದದ್ದನ್ನು ಕೋಳಿ ಓಡಿಸಿ ತಂದದ್ದು. ಮೂರನೆಯ ಕೆಂಪಿ ಏರ್ಕಾಡಿನ ಕಾಫಿ ತೋಟದಿಂದ ಬಂದವಳು. ಮೂರೂ ಒಂದೇ ಜಾತಿ, ಒಂದೇ ಅಚ್ಚು.

ಭಾನುವಾರ ಬೆಳಗ್ಗೆ ಕೆಂಪಿಗೆ ಉಸಿರು ಕೊಡುವುದು ನಮ್ಮ ಮನೆಯ ನೇಮ. ದನದ ಕೊಟ್ಟಿಗೆಯೇ ಅವಳ ಮನೆ. ಮಾವ ಹಳೇ ಪಂಚೆಯ ತುಂಡಿನಲ್ಲಿ ಅವಳ ಮೂತಿ ಒರೆಸಿ, ಮುಂದೆ ಕೈಕಡ್ಡಿ ಹಾಕಿ ತಿರುಗಿಸಿ, ಎಂಜಿನ್ನು ಹತ್ತಿಕೊಂಡ ಮೇಲೆ ಕಣ್ಣು ಮುಚ್ಚಿ ಕೇಳುತ್ತ ನಿಲ್ಲುತ್ತಿದ್ದರು. ಮನೆಯಲ್ಲಿ ಆಗ ಯಾರೂ ಮಿಕ್ಸಿ ಹಾಕುವಂತಿರಲಿಲ್ಲ. "ಗಾಡಿಗೆ ಬಾಯಿಲ್ಲ, ಆದ್ರೆ ಎಲ್ಲಾನೂ ಹೇಳ್ತದೆ. ಕೇಳೋ ಕಿವಿ ಇರ್ಬೇಕು ಅಷ್ಟೇ," ಎನ್ನುವುದು ಅವರ ಮಾತು. ಆಯುಧಪೂಜೆಯಲ್ಲಿ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಡುವುದು ಎಲ್ಲರ ಮನೆಯ ರೂಢಿ. ಮಾವ ಐದನೆಯದನ್ನು ಹಿಂದೆ ಕಟ್ಟಿದ ಸ್ಟೆಪ್ನಿಯ ಮುಂದೆ ಇಟ್ಟು, "ಅದುಕ್ಕೂ ಬೇಜಾರಾಗ್ಬಾರ್ದು," ಎನ್ನುತ್ತಿದ್ದರು. ಅಷ್ಟು ಸೂಕ್ಷ್ಮದ ಮನುಷ್ಯ. ಅದನ್ನು ನೋಡಿ ಅತ್ತೆ ಒಳಗೆ ಹೋಗಿಬಿಡುತ್ತಿದ್ದರು.

ಅತ್ತೆ ಆ ಗಾಡಿ ಹತ್ತುತ್ತಿರಲಿಲ್ಲ. ಎಷ್ಟು ಕರೆದರೂ, "ತಲೆ ಮ್ಯಾಲೆ ಸೂರಿಲ್ದಿರೋ ಗಾಡಿ ಗಂಡುಸ್ರುಗೆ ಸರಿ," ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದರು. ಮದುವೆ, ಸಾವು, ಕೃಷ್ಣಗಿರಿಯ ತವರುಮನೆ, ಎಲ್ಲಕ್ಕೂ ಹೀಗೆಯೇ. ಮಾವ ಮುಂದೆ ಕಾರಲ್ಲಿ, ಅತ್ತೆ ಹಿಂದೆ ಸರ್ಕಾರಿ ಬಸ್ಸಲ್ಲಿ. ಊರವರಿಗೆ ಇದು ತಮಾಷೆಯಾಗಿತ್ತು. ಆ ಎಡಗಡೆಯ ಸೀಟು ಹಾಗಾಗಿ ಖಾಲಿಯೇ ಇರುತ್ತಿತ್ತು, ಇಲ್ಲವೇ ಕೇಸಿನ ಕಟ್ಟುಗಳು ಕೂತಿರುತ್ತಿದ್ದವು.

ಅದರಲ್ಲಿ ಮೊದಲು ಕೂತ ಸೊಸೆ ನಾನು. ಕೂರಬೇಕಾಗಿ ಬಂತು.

ಮದುವೆಯಾದ ವರ್ಷವೇ ನನಗೆ ಜವಳಗಿರಿಯ ಶಾಲೆಯಲ್ಲಿ ಕನ್ನಡ ಟೀಚರ ಕೆಲಸ ಸಿಕ್ಕಿತು. ಕನ್ನಡ ಕಲಿಸಲು ಬಂದ ಆರ್ಡರು ತಮಿಳಿನಲ್ಲಿತ್ತು, ಅದನ್ನು ಮಾವನವರೇ ಓದಿ ಹೇಳಿದರು. ಸೇರಿಕೊಳ್ಳಲು ಕೊನೆಯ ದಿನ ಒಂದು ಶುಕ್ರವಾರ. ಅವತ್ತು ಬಸ್ಸು ಬರಲಿಲ್ಲ, ದಾರಿಯಲ್ಲಿ ಆನೆ ನಿಂತಿದೆ ಎಂದರು. ನನ್ನ ಗಂಡ ಕಾರ್ಖಾನೆಯಲ್ಲಿ ಮೊದಲನೇ ಶಿಫ್ಟಿಗೆ ಹೋಗಿಬಿಟ್ಟಿದ್ದರು. ನಾನು ಬಸ್ ಸ್ಟ್ಯಾಂಡಿನಿಂದ ಅಳುತ್ತ ಮನೆಗೆ ಬಂದೆ. ಮಾವ ಕೋರ್ಟಿಗೆ ಹೊರಟವರು ನನ್ನ ಮುಖ ನೋಡಿ, ಕೇಸಿನ ಕಟ್ಟುಗಳನ್ನು ಎತ್ತಿ ಜಗಲಿಯ ಮೇಲಿಟ್ಟು, "ಕೂತ್ಕೋ ಬಾಮ್ಮ," ಎಂದರು.

ಕೂರುವುದು ಹೇಗೆ? ಆಗಿನ ಕಾಲದಲ್ಲಿ ಮಾವನ ಎದುರು ಸೊಸೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನೇರವಾಗಿ ಮಾತಾಡುವುದೂ ಇಲ್ಲ, ಹೇಳುವುದೇನಿದ್ದರೂ ಅತ್ತೆಯ ಮುಖಾಂತರ. ಅಂಥದ್ದರಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಪಕ್ಕದಲ್ಲಿ! ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಏನೋ ಹೇಳಲು ಬಾಯಿ ತೆರೆದು, ಹೇಳದೆ, ತಲೆಯಾಡಿಸಿದರು. ನಾನು ಸೆರಗು ಹೊದ್ದು, ಮಾವನವರ ಪಕ್ಕ ಚಪ್ಪಲಿ ಕಾಲಲ್ಲಿ ಕೂರಬಾರದೆಂದು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಬರಿಗಾಲಲ್ಲಿ ಹತ್ತಿ ಬಾಗಿಲಿಗೆ ಅಂಟಿಕೊಂಡು ಕೂತೆ.

ಮತ್ತಿಗಿರಿ ದಾಟುವ ಹೊತ್ತಿಗೆ ನೆಲ ಬೆಚ್ಚಗಾಯಿತು. ತಳಿ ಊರು ಹತ್ತಿರವಾಗುವ ಹೊತ್ತಿಗೆ ಸುಡತೊಡಗಿತು. ಕೆಂಪಿಯ ಹೊಗೆ ಪೈಪು ಎಡಗಡೆಯ ತಗಡಿನ ಕೆಳಗೇ ಹಾದುಹೋಗುತ್ತದೆ ಎಂದು ನನಗೇನು ಗೊತ್ತು? ಹೊಸ ಮದುಮಗಳ ಬೆಳ್ಳಿಯ ಕಾಲುಂಗುರಗಳು ಕಾದು ಬೆರಳಿಗೆ ಬರೆ ಹಾಕುತ್ತಿದ್ದವು. ಒಂದು ಕಾಲೆತ್ತಿ ಇನ್ನೊಂದು ಊರಿ, ಅದನ್ನೆತ್ತಿ ಇದನ್ನೂರಿ, ಸೆರಗು ಕಚ್ಚಿಕೊಂಡು ಕೂತಿದ್ದೆ. ಮಾವ ಒಮ್ಮೆ ತಿರುಗಿ ನೋಡಿ, "ಎದುರ್ಕೋಬೇಡಮ್ಮ, ಕೆಂಪಿ ಯಾರನ್ನೂ ಬೀಳ್ಸಿಲ್ಲ," ಎಂದರು. ಕಾಲು ಸುಡುತ್ತಿದೆ ಎಂದು ಹೇಳಲು ಅಲ್ಲಿ ಅತ್ತೆ ಇರಲಿಲ್ಲ. ನಾನು ತಲೆಯಾಡಿಸಿದೆ.

ತಳಿ ದಾಟಿದ ಮೇಲೆ ಕೆಂಪಿಯ ಮೂತಿಯಿಂದ ಹೊಗೆ ಎದ್ದಿತು. ರೇಡಿಯೇಟರು ಸೋರುತ್ತಿದೆ, ಒಂದು ಹಿಡಿ ಅರಿಶಿನ ಹಾಕಿದರೆ ತೂತು ಕಟ್ಟಿಕೊಳ್ಳುತ್ತದೆ ಎಂದು ಮಾವ ರಸ್ತೆ ಪಕ್ಕದ ಮನೆಯ ಮುಂದೆ ನಿಂತು ಕೇಳಿದರು. ಆ ಮನೆಯಾಕೆ ಬಾಗಿಲಲ್ಲೇ, "ಸುಕ್ರವಾರ ಅರಿಸ್ನ ಮನೆಯಿಂದ ಆಚಿಕ್ ಕೊಡಲ್ಲ ಸಾಮಿ. ರಾಗಿಟ್ಟು ಬೇಕಾದ್ರೆ ತಕ್ಕಳಿ," ಎಂದಳು. ಮಾವ ಒಂದು ಗಳಿಗೆ ಯೋಚಿಸಿದರು. ಕೋರ್ಟಿನಲ್ಲಿ ಎಂಥ ಕಷ್ಟದಲ್ಲೂ ಪಕ್ಕದ ಸೆಕ್ಷನ್ ಹುಡುಕಿ ಪಾರಾಗುವವರು. "ಪುಡಿ ಅಂದ್ಮೇಲೆ ಪುಡೀನೇ," ಎಂದು ತೀರ್ಪು ಕೊಟ್ಟು ಒಂದು ಸೇರು ರಾಗಿ ಹಿಟ್ಟನ್ನು ರೇಡಿಯೇಟರಿಗೆ ಸುರಿದು ನೀರು ಹೊಯ್ದರು.

ಸೋರುವುದು ನಿಂತಿತು. ಸ್ವಲ್ಪ ದೂರ ಹೋದ ಮೇಲೆ ಎಲ್ಲವೂ ನಿಂತಿತು. ಮುಚ್ಚಳ ಹಾರಿ ಒಳಗಿಂದ ಅಂಬಲಿ ಕೊತಕೊತ ಕುದಿಯುತ್ತ ಉಕ್ಕಿ ಕೆಂಪಿಯ ಮೂತಿಯ ಮೇಲೆ ಇಳಿಯಿತು. ಕಾಡಿನ ನಡುವೆ ಬೆಂದ ರಾಗಿಯ ವಾಸನೆ. ಮಾವ ಬಗ್ಗಿ ಮೂಸಿ ನೋಡಿ, ಬಹಳ ಗಂಭೀರವಾಗಿ, "ಉಪ್ಪೊಂದು ಕಮ್ಮಿ," ಎಂದರು. ನನಗೆ ಕಾಲುರಿ, ಕೆಲಸ ಹೋಗುತ್ತದೆಂಬ ಭಯ, ಎಲ್ಲದರ ನಡುವೆ ನಗು ತಡೆಯಲಾಗಲಿಲ್ಲ. ಮಾವನ ಎದುರು ನಾನು ಮೊದಲ ಸಲ ನಕ್ಕದ್ದು ಅವತ್ತು. ಅವರೂ ನಕ್ಕರು.

ಮಾವ ಕೆಂಪಿಯನ್ನು ಅಲ್ಲೇ ಬಿಟ್ಟು, ಹಿಂದೆ ಬಂದ ಹುಲ್ಲಿನ ಟ್ರ್ಯಾಕ್ಟರ್ ನಿಲ್ಲಿಸಿ ಹತ್ತಿ, ಕರಿಕೋಟಿನ ಮೇಲೆಲ್ಲ ಹುಲ್ಲು ಮೆತ್ತಿಕೊಂಡು, ಸೊಸೆಯನ್ನು ಶಾಲೆ ಮುಟ್ಟಿಸಿದರು. ಹೆಡ್ಮಾಸ್ಟರು ಬಾಗಿಲು ಹಾಕುತ್ತಿದ್ದರು. "ಟೈಮ್ ಮುಡಿಂಜಿ ಪೋಚ್ಚು," ಹೊತ್ತು ಮುಗಿಯಿತು ಎಂದರು. ಮಾವ ಬಾಗಿಲಿಗೆ ಅಡ್ಡ ನಿಂತು, ಇವತ್ತು ಎಂದರೆ ಕಾನೂನಿನಲ್ಲಿ ಯಾವಾಗಿನಿಂದ ಯಾವಾಗಿನ ತನಕ ಎಂದು ಕೋರ್ಟಿನ ತಮಿಳಿನಲ್ಲಿ ವಾದ ಶುರುಮಾಡಿದರು. ಹೆಡ್ಮಾಸ್ಟರು ಸೋತು ಬಾಗಿಲು ತೆರೆದರು. ನಾನು ಸಹಿ ಹಾಕಿದೆ. ಆ ಸಹಿಯ ಮೇಲೆ ನನ್ನ ಬದುಕು ನಿಂತಿದೆ. ನಿವೃತ್ತಿಯಾಗುವ ತನಕ ನಾನು ಉಂಡ ಸ್ವಂತ ಅನ್ನಕ್ಕೆಲ್ಲ ಆ ಹುಲ್ಲು ಮೆತ್ತಿದ ಕರಿಕೋಟೇ ಕಾರಣ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಬಸ್ಸು ಹಿಡಿದು ಮನೆಗೆ ಬಂದಾಗ ಕತ್ತಲಾಗಿತ್ತು. ಅತ್ತೆ ಯಾವುದನ್ನೂ ಕೇಳಲಿಲ್ಲ. ಬಚ್ಚಲಲ್ಲಿ ನನ್ನನ್ನು ಕೂರಿಸಿ, ಸೀರೆಯ ಅಂಚೆತ್ತಿ ಕಾಲು ನೋಡಿದರು. ಕಾಲುಂಗುರದ ಬುಡದಲ್ಲಿ ಬೊಬ್ಬೆಗಳು ಎದ್ದಿದ್ದವು. ಬೆಣ್ಣೆ ಹಚ್ಚುತ್ತ, "ನಿಂಗೂ ಸುಡ್ತಾ?" ಎಂದರು.

ಆ 'ನಿಂಗೂ' ಎಂಬುದರಲ್ಲಿ ಎಲ್ಲವೂ ಇತ್ತು. ಅವರ ಮದುವೆಯಾದ ಹೊಸದರಲ್ಲಿ ಮಾವ ಹಸಿರು ಗಾಡಿಯಲ್ಲಿ ಹೆಂಡತಿಯನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋಗಿದ್ದರಂತೆ. ಗಂಡನ ಪಕ್ಕ ಚಪ್ಪಲಿ ಹಾಕಿಕೊಂಡು ಕೂರುವ ಕಾಲವಲ್ಲ ಅದು. ಹೋಗುವಾಗ ಸುಟ್ಟಿತು, ಬರುವಾಗಲೂ ಸುಟ್ಟಿತು. ಆಮೇಲೆ ಅವರು ಹತ್ತಲಿಲ್ಲ. ಸೂರು ಗೀರು ಎಲ್ಲ ನೆಪ. "ಯಾಕೆ ಹೇಳ್ಲಿಲ್ಲ ಅತ್ತೆ?" ಎಂದೆ. "ಹೇಳ್ಬೋದಾಗಿತ್ತು. ಅವ್ರು ಎಷ್ಟು ಖುಷಿಯಾಗಿದ್ರು ಅಂದ್ರೆ, ಹಾಡ್ಕೊಂಡ್ ಓಡಿಸ್ತಾ ಇದ್ರು ಕಣಮ್ಮ. ಬಾಯಿಗ್ ಬಂದಿದ್ದು ಒಳಕ್ ಹೋಯ್ತು. ಆಮ್ಯಾಕೆ ಹೇಳಾಕೆ ಹೊತ್ತಾಗೋಗಿತ್ತು. ನೀನೂ ಹೇಳ್ಬೇಡ. ಗಾಡಿ ಬುಟ್ರೆ ಅವ್ರಿಗೆ ಬ್ಯಾರೆ ಏನೈತೆ?" ಎಂದರು.

ಮುಂದೆ ಬಸ್ಸು ತಪ್ಪಿದಾಗಲೆಲ್ಲ ನನಗೆ ಎಡಗಡೆಯ ಸೀಟೇ ಗತಿಯಾಯಿತು, ಆ ದಾರಿಯಲ್ಲಿ ಬಸ್ಸು ತಪ್ಪದ ವಾರವಿರಲಿಲ್ಲ. ಅತ್ತೆ ಒಂದು ಗೋಣಿಚೀಲ ನೆನೆಸಿ ಹಿಂಡಿ ನನ್ನ ಕಾಲ ಕೆಳಗೆ ಹಾಸುವುದನ್ನು ರೂಢಿ ಮಾಡಿದರು. ಮಾವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಸೀರೆಗೆ ಧೂಳಾಗ್ತದೆ ಅಂತ ಒದ್ದೆ ಚೀಲ ಹಾಕಿದ್ರೆ ತಗಡು ತುಕ್ಕಿಡೀತದೆ, ಯೋಳಮ್ಮ ನಿಮ್ಮತ್ತೆಗೆ," ಎಂದು ಗೊಣಗುತ್ತಿದ್ದರು. ಒಂದು ಬೀದಿ ಆಚೆಯಿಂದ ಬರುವ ಗಾಡಿಯ ಸದ್ದು ಕೇಳಿ ಯಾವ ವಾಲ್ವು ಸಡಿಲ ಎಂದು ಹೇಳುವವರು ಅವರು. ತಮ್ಮ ಪಕ್ಕದಲ್ಲಿ ಕಾಲೆತ್ತಿ ಕಾಲೂರಿ ಕೂತವಳ ಸದ್ದು ಅವರಿಗೆ ಕೇಳಲೇ ಇಲ್ಲ. ಇದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದ ದಿನವೇ ಅವರು ನನ್ನನ್ನು ಕರೆದು ತರಲು ಮಳೆಯಲ್ಲಿ ತೋಯ್ದುಕೊಂಡು ಬಂದು ಶಾಲೆಯ ಗೇಟಿನಲ್ಲಿ ನಿಂತಿರುತ್ತಿದ್ದರು. ಆಗ ಸಿಟ್ಟನ್ನು ಎಲ್ಲಿಡುವುದು ಎಂದು ತಿಳಿಯುತ್ತಿರಲಿಲ್ಲ.

ನನಗೆ ಗಾಡಿ ಓಡಿಸಲು ಕಲಿಸಿದವರೂ ಅವರೇ. ಗಂಡುಮಕ್ಕಳಿಗೆ ಕೆಂಪಿಯನ್ನು ಮುಟ್ಟಲು ಬಿಟ್ಟಿರಲಿಲ್ಲ. ನನ್ನ ಗಂಡ ಒಮ್ಮೆ ಕದ್ದು ಓಡಿಸಿ ಬಾವಿಕಟ್ಟೆಗೆ ಗುದ್ದಿದ್ದರು, ಅಂದಿನಿಂದ ಅಪ್ಪ ಇದ್ದರೆ ಅವರು ಕೊಟ್ಟಿಗೆಯ ಕಡೆ ಸುಳಿಯುತ್ತಿರಲಿಲ್ಲ. ಸೊಸೆಗೆ ಕಲಿಸುವಾಗ ಮಾವ ಪಕ್ಕದಲ್ಲಿ ಕೂರಲಿಲ್ಲ, ಅದು ಅವರ ಮರ್ಯಾದೆಗೆ ಸರಿಬರಲಿಲ್ಲ. ರಾಗಿ ಕೊಯ್ದ ಹೊಲದ ನಡುವೆ ಕೊಡೆ ಹಿಡಿದು ನಿಂತು ಕೂಗಿ ಕೂಗಿ ಕಲಿಸಿದರು. ನಾನು ಅವರ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. "ಕೈಯಾಗಲ್ಲಮ್ಮ, ಸೊಂಟದಾಗ್ ಓಡಿಸ್ಬೇಕು! ಗಾಡಿ ಎಲ್ ಜಾರ್ತದೆ ಅಂತ ಸೊಂಟಕ್ ಗೊತ್ತಾಗ್ತದೆ!" ಎನ್ನುತ್ತಿದ್ದರು. ಇದೇ ಪಾಠವನ್ನು ಊರ ಗಂಡಸರಿಗೆ ಹೇಳುವಾಗ ಅವರು ಸೊಂಟ ಎನ್ನುತ್ತಿರಲಿಲ್ಲ, ಇನ್ನೂ ಸ್ವಲ್ಪ ಕೆಳಗಿನ ಹೆಸರು ಹೇಳುತ್ತಿದ್ದರು ಎಂದು ನನ್ನ ಗಂಡ ಹೇಳಿ ನಗುತ್ತಾರೆ. ಆ ಸೊಂಟದ ಪಾಠದಿಂದಲೇ ನಾನು ಮುಂದೆ ಒಂದು ಸಾಧಾರಣ ಚಿಕ್ಕ ಕಾರು ಇಟ್ಟುಕೊಂಡು, ಬಸ್ಸಿನ ದಾರಿ ಕಾಯದೆ, ಚಪ್ಪಲಿ ಕಾಲಲ್ಲಿ, ಶಾಲೆಗೆ ಹೋಗಿಬಂದೆ.

ಅತ್ತೆ ತೀರಿಕೊಂಡರು. ಅವರ ಕೊನೆಯ ಪ್ರಯಾಣವೂ ಬೇರೆ ಗಾಡಿಯಲ್ಲೇ ಆಯಿತು. ನಾನು ನಿವೃತ್ತಳಾದೆ. ಮನೆಯಲ್ಲಿ ಉಳಿದದ್ದು ನಾನು, ನನ್ನ ಗಂಡ, ಮಾವ ಮತ್ತು ಕೆಂಪಿ. ಹೊಸೂರೂ ಮೊದಲಿನ ಹೊಸೂರಲ್ಲ. ಲಾರಿ, ಕಂಪನಿ ಬಸ್ಸು, ಸಂದಿಯಲ್ಲೆಲ್ಲ ನುಗ್ಗುವ ಬೈಕು. ಅದರ ನಡುವೆ ಎಂಬತ್ತು ದಾಟಿದ ಮಾವ ಭಾನುವಾರ ಬಂತೆಂದರೆ ಕೆಂಪಿಯನ್ನು ಹೊರಗೆ ತೆಗೆಯುತ್ತಿದ್ದರು. ಕಾಲು ಊದಿ ಬೂಟು ಹಿಡಿಸುತ್ತಿರಲಿಲ್ಲವೆಂದು ಬರಿಗಾಲಲ್ಲೇ ಓಡಿಸುತ್ತಿದ್ದರು.

ಗೇಟಿನ ಎಡಗಂಬ ಮೊದಲು ಕೆರೆಯಿತು. "ಗಂಬ ವಾಲೈತೆ," ಎಂದರು. ಇನ್ನೊಂದು ವಾರ ಹುಣಸೆ ಮರದ ಬೊಡ್ಡೆ. ಕೃಷ್ಣಗಿರಿಯ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು, ಎಡಗಣ್ಣಿನ ನರ ಒಣಗಿದೆ, ಎದುರಿಗಿದ್ದದ್ದು ಕಾಣುತ್ತದೆ, ಎಡಬದಿಯಲ್ಲಿ ಇದ್ದದ್ದು ಕಾಣುವುದಿಲ್ಲ, ಇನ್ನು ಗಾಡಿ ಓಡಿಸಬಾರದು ಎಂದರು. ಅದನ್ನು ಮಾವನಿಗೆ ಯಾರು ಹೇಳುವುದು? ನನ್ನ ಗಂಡ, "ನೀನೇ ಹೇಳು, ನಿನ್ ಮಾತ್ ಕೇಳ್ತಾರೆ," ಎಂದರು. ಡಾಕ್ಟರೇ ಹೇಳಲಿ ಎಂದರೆ ಅವರೂ, "ಮನೆಯವರು ಹೇಳಿದರೆ ಒಳ್ಳೆಯದು," ಎಂದರು. ಕಷ್ಟದ ಮಾತುಗಳೆಲ್ಲ ಸುತ್ತಿ ಬಳಸಿ ನನ್ನ ಮಡಿಲಿಗೇ ಬಂದು ಬೀಳುತ್ತವೆ. ಆ ವಾರವೆಲ್ಲ ನಾನು ಹಿಟ್ಟು ನಾದುವಾಗಲೂ, ಸ್ನಾನ ಮಾಡುವಾಗಲೂ ಹೇಗೆ ಹೇಳಲಿ ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಒಬ್ಬ ಮನುಷ್ಯನ ಕೈಯಿಂದ ಅವನ ಬದುಕನ್ನು ಕಿತ್ತುಕೊಳ್ಳುವ ಮಾತನ್ನು ಮೆತ್ತಗೆ ಹೇಳುವ ಬಗೆ ನನಗೆ ಹೊಳೆಯಲಿಲ್ಲ.

ಭಾನುವಾರ ನಾನೂ ಬರುತ್ತೇನೆಂದು ಎಡಗಡೆ ಹತ್ತಿ ಕೂತೆ. ಹಳೇ ಅಭ್ಯಾಸ, ಗೋಣಿಚೀಲ ಕಾಲ ಕೆಳಗಿತ್ತು. ತೊರಪಲ್ಲಿ ಅಗ್ರಹಾರದ ಕಡೆಗೆ ಹೊರಟೆವು. ಊರು ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ಊರು ದಾಟಿತು. ಗುಲಾಬಿ ತೋಟ ದಾಟಲಿ ಎಂದುಕೊಂಡೆ. ಮಾವ ಗಾಳಿಗೆ ಮುಖವೊಡ್ಡಿ, ಬಲಮೊಣಕೈ ಬಾಗಿಲ ಮೇಲಿಟ್ಟು, ಏನೋ ಗುನುಗುತ್ತಿದ್ದರು. ಅತ್ತೆ ಹೇಳಿದ್ದ ಆ ಖುಷಿ ಇದೇ ಇರಬೇಕು. ನನ್ನ ಬಾಯಿಗೆ ಬಂದದ್ದೂ ಒಳಗೆ ಹೋಯಿತು.

ಅಷ್ಟರಲ್ಲಿ ಕೆಂಪಿ ಎಡಕ್ಕೆ ಸರಿಯತೊಡಗಿದಳು. ರಸ್ತೆಯ ಎಡಬದಿಯಲ್ಲಿ ಮುದುಕಿಯೊಬ್ಬಳು ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು, ನಮಗೆ ಬೆನ್ನು ಹಾಕಿ ಹೋಗುತ್ತಿದ್ದಳು. ನಾನು "ಮಾವ!" ಎಂದೆ. ಅವರು ಏನಮ್ಮ ಎಂದು ನನ್ನ ಕಡೆ ತಿರುಗುವುದರೊಳಗೆ ನಡುವಿನ ಹ್ಯಾಂಡ್ ಬ್ರೇಕನ್ನು ಎರಡು ಕೈಯಲ್ಲೂ ಹಿಡಿದು ಎಳೆದುಬಿಟ್ಟೆ. ಗಾಡಿ ಧೂಳೆಬ್ಬಿಸಿ ನಿಂತಿತು. ಮೂತಿಯ ತುದಿಗೆ ಹುಲ್ಲಿನ ಎಳೆಗಳು ತಾಗಿಕೊಂಡಿದ್ದವು. ಮುದುಕಿ ಹೊರೆಸಮೇತ ತಿರುಗಿ, "ಕಳ್ಳು ಕನಪಡಲೇದಾ ನೀಕು?" ಎಂದು ತೆಲುಗಿನಲ್ಲಿ ಕೂಗಿದಳು. ಕಣ್ಣು ಕಾಣಿಸಲ್ವಾ ನಿನಗೆ ಎಂದು. ನಾನು ವಾರವೆಲ್ಲ ಹುಡುಕುತ್ತಿದ್ದ ಮಾತನ್ನು ಅವಳು ಒಂದೇ ಉಸಿರಲ್ಲಿ ಹೇಳಿ ಹೊರಟುಹೋದಳು.

ಮಾವ ಸ್ಟೀರಿಂಗ್ ಬಿಟ್ಟಿರಲಿಲ್ಲ. "ಅವಳು ಎಲ್ಲಿದ್ಲಮ್ಮ?"

"ಎಡಗಡೆ ಮಾವ."

"ಎಡಗಡೆ ಏನೂ ಇರ್ಲಿಲ್ಲ."

"ಇದ್ಲು ಮಾವ."

ಅವರು ಎಂಜಿನ್ ಆರಿಸಿದರು. ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಕೆಳಗಿಳಿದು, ಕೆಂಪಿಯ ಉದ್ದ ಮೂತಿಯ ಮೇಲೆ ಕೈಯಾಡಿಸುತ್ತ, ಗೋಡೆ ಹಿಡಿದು ನಡೆಯುವ ಕುರುಡರ ಹಾಗೆ ಸುತ್ತಿ ಬಂದು ನನ್ನ ಬಾಗಿಲು ತೆಗೆದರು. ನಾನು ಗಡಿಬಿಡಿಯಲ್ಲಿ ಇಳಿಯುವಾಗ ಗೋಣಿಚೀಲವೂ ಕಾಲಿಗೆ ಸಿಕ್ಕಿ ಹೊರಗೆ ಬಂತು, ಅದನ್ನು ಸೀಟಿನ ಹಿಂದಕ್ಕೆ ಎಸೆದೆ. ಅವರು ಕೂತರು. ಆ ಸೀಟಿನಲ್ಲಿ ಮಾವ ಕೂತದ್ದು ಅದೇ ಮೊದಲು. ನಾನು ಕೈಕಡ್ಡಿ ಹಾಕಿ ಎಂಜಿನ್ ಹತ್ತಿಸಿ, ಬಲಗಡೆ ಕೂತು ಗಾಡಿ ತಿರುಗಿಸಿದೆ. ಕಣ್ಣು ತುಂಬಿ ರಸ್ತೆ ಮಂಜಾಗಿತ್ತು, ಸೊಂಟ ಮಾತ್ರ ದಾರಿ ತಪ್ಪಲಿಲ್ಲ.

ಗುಲಾಬಿ ತೋಟದ ಹತ್ತಿರ ಮಾವ ಒಂದು ಕಾಲೆತ್ತಿದರು. ಆಮೇಲೆ ಇನ್ನೊಂದು.

"ಇದೇನಮ್ಮ, ಕೆಳಗ್ ಒಲೆ ಇಟ್ಟಂಗೈತೆ?"

"ಪೈಪು ಅಲ್ಲೇ ಹೋಗೋದು ಮಾವ."

"ಯಾವಾಗಿಂದ ಹಿಂಗೆ?"

"ಯಾವಾಗಿಂದ್ಲೂ."

ಸ್ವಲ್ಪ ದೂರ ಹೋದ ಮೇಲೆ, "ಆ ಗೋಣಿಚೀಲ ಅದುಕ್ಕಾ?" ಎಂದರು. ಹೂಂ ಎಂದೆ. ಊರು ಕಾಣಿಸುವ ಹೊತ್ತಿಗೆ, ಬಹಳ ಸಣ್ಣ ದನಿಯಲ್ಲಿ, "ನಿಮ್ಮತ್ತೆಗೂ?" ಎಂದು ಕೇಳಿದರು.

ಅತ್ತೆ ಹೇಳಬೇಡ ಎಂದಿದ್ದರು. ಅವರಿಗೆ ಕೊಟ್ಟ ಮಾತನ್ನು ಅಷ್ಟು ವರ್ಷ ಉಳಿಸಿಕೊಂಡಿದ್ದೆ. ಆದರೆ ಕೇಳಿದ ಮೇಲೆ ಸುಳ್ಳು ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ. "ಹೂಂ ಮಾವ. ಕಾಲುಂಗುರ ಕಾಯ್ತಿತ್ತು. ಕೃಷ್ಣಗಿರಿಗ್ ಹೋದ್ರಂತಲ್ಲ, ಅವತ್ತು," ಎಂದೆ.

ಮಾವ ಎತ್ತಿಟ್ಟುಕೊಂಡಿದ್ದ ಎರಡು ಕಾಲನ್ನೂ ಕೆಳಗಿಳಿಸಿದರು. ಕಾದ ತಗಡಿನ ಮೇಲೆ ಊದಿದ ಬರಿಗಾಲು ಊರಿ ಹಾಗೇ ಕೂತರು. "ಎತ್ಕೊಳಿ ಮಾವ, ಸುಡ್ತದೆ," ಎಂದೆ. ಕೇಳಲಿಲ್ಲ. ಗಾಡಿ ನಿಲ್ಲಿಸಿ ಚೀಲ ಹಾಸುತ್ತೇನೆಂದೆ. "ಬ್ಯಾಡ, ಓಡ್ಸಮ್ಮ," ಎಂದರು. ಮನೆ ಮುಟ್ಟುವ ತನಕ ಅವರು ಕಾಲೆತ್ತಲಿಲ್ಲ.

ಮಾರನೆಯ ದಿನ ಬೆಳಗ್ಗೆಯೇ ವೆಲ್ಡಿಂಗಿನವನನ್ನು ಕರೆಸಿದರು. ಪೈಪಿಗೂ ನೆಲದ ತಗಡಿಗೂ ನಡುವೆ ಇನ್ನೊಂದು ತಗಡು, ಎರಡರ ಸಂದಿಯಲ್ಲಿ ಶಾಖ ತಡೆಯುವ ಹಾಳೆ. ಮಾವ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದರು. ಕೆಲಸ ಮುಗಿದಾಗ ನಾನು ಒಲೆಯ ಮೇಲಿಟ್ಟಿದ್ದ ಅನ್ನ ಇನ್ನೂ ಆಗಿರಲಿಲ್ಲ. ವೆಲ್ಡಿಂಗಿನವನು ಹೋದ ಮೇಲೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಯ ತನಕ ಬಂದು ನಿಂತವರಲ್ಲ.

"ಅರ್ಧ ಗಂಟೆ ಕೆಲ್ಸ ಕಣಮ್ಮ," ಎಂದರು. "ಅರ್ಧ ಗಂಟೆ. ಗಾಡಿ ಹೇಳಿದ್ದೆಲ್ಲ ಕೇಳುಸ್ಕೊಂಡೆ." ಹೋಗಿ ಜಗಲಿಯಲ್ಲಿ ಕೂತರು. ಅವತ್ತು ಊಟ ಮಾಡಲಿಲ್ಲ.

ಆಮೇಲೆ ಅವರು ಇನ್ನು ಸುಮಾರು ಒಂದು ವರ್ಷ ಇದ್ದರು. ಭಾನುವಾರದ ನೇಮ ತಪ್ಪಲಿಲ್ಲ. ನಾನು ಬಲಗಡೆ, ಅವರು ಎಡಗಡೆ. ಮೊದಮೊದಲು ಗೇರು, ಬ್ರೇಕು ಎಂದು ಹೇಳುತ್ತಿದ್ದವರು ಬರಬರುತ್ತ ಅದನ್ನೂ ಬಿಟ್ಟರು. ಎಡಮೊಣಕೈ ಬಾಗಿಲ ಮೇಲಿಟ್ಟು ಸುಮ್ಮನೆ ಕೂರುತ್ತಿದ್ದರು. ಕಾಣದ ಕಡೆಗೇ ಮುಖ ತಿರುಗಿಸಿ, "ಎಡಗಡೆ ಏನೈತಮ್ಮ?" ಎಂದು ಆಗಾಗ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ: ಕೆರೆ ಮಾವ, ಟೊಮೇಟೊ ಹೊಲ ಮಾವ, ಹೊಸ ಲೇಔಟಿನ ಕಲ್ಲು ಮಾವ, ಬಸ್ಸಿಗೆ ಕಾಯೋ ಹೆಂಗಸರು ಮಾವ. ಬಸ್ಸಿಗೆ ಕಾಯುವ ಹೆಂಗಸರು ಎಂದಾಗ ಪ್ರತಿ ಸಲವೂ ಅವರು "ನಿಲ್ಸು" ಎನ್ನುತ್ತಿದ್ದರು. ಎರಡೇ ಸೀಟಿನ ಗಾಡಿಯಲ್ಲಿ ಯಾರನ್ನು ಎಲ್ಲಿ ಕೂರಿಸುವುದು ಎಂದು ನಾನು ಕೇಳಿದರೆ ಅವರು ತಮ್ಮ ಕಡೆಯ ಬಾಗಿಲಿಗೆ ಕೈ ಹಾಕುತ್ತಿದ್ದರು.

ಒಂದು ಬೆಳಗ್ಗೆ ಕಾಫಿ ಕೊಡಲು ಹೋದಾಗ ಅವರು ಎದ್ದಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಸ್ನಾನ ಮಾಡಿಸುವಾಗ ನನ್ನ ಗಂಡ, "ನೋಡಿಲ್ಲಿ," ಎಂದು ಕರೆದರು. ಎದೆಯ ಮೇಲೆ ಜೋಡಿಸಿದ್ದ ಎರಡು ಕೈಗಳೂ ಒಂದೇ ಬಣ್ಣಕ್ಕೆ ಬಂದಿದ್ದವು. ಬಲಗೈ ಬಿಸಿಲಿಲ್ಲದೆ ಮಾಸಿತ್ತು, ಎಡಗೈ ಬಿಸಿಲು ತಿಂದು ಕಪ್ಪಾಗಿತ್ತು. ಯಾವುದು ಯಾವ ಕೈ ಎಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ.

ಕೆಂಪಿಯನ್ನು ಮಾರಿಬಿಡಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಿಂದ ಫೋನು ಮಾಡುವವರಿದ್ದಾರೆ. ನನಗೂ ಸಾಕಾಗಿದೆ. ಕೈಕಡ್ಡಿ ತಿರುಗಿಸಲು ಭುಜ ಒಪ್ಪುವುದಿಲ್ಲ, ಒಂದು ವಾಷರ್ ಬೇಕಾದರೂ ಊರೆಲ್ಲ ಹುಡುಕಬೇಕು, ಕೊಟ್ಟಿಗೆಯ ನೆಲವೆಲ್ಲ ಆಯಿಲ್. ಈ ವಾರ ಬೇಡ ಎಂದುಕೊಂಡೇ ಭಾನುವಾರ ಏಳುತ್ತೇನೆ. ಎದ್ದ ಮೇಲೆ ಪಂಚೆಯ ತುಂಡು ತೆಗೆದುಕೊಂಡು ಹೋಗಿ ಅವಳ ಮೂತಿ ಒರೆಸುತ್ತೇನೆ. ನನ್ನನ್ನು ಹೊಸಿಲು ದಾಟಿಸಿದ ಗಾಡಿ ಅದು. ಸುಟ್ಟಿತು, ನಿಜ. ದಾಟಿಸಿದ್ದೂ ಅದೇ.

ಈಗ ಎಡಗಡೆ ನನ್ನ ಗಂಡ ಕೂರುತ್ತಾರೆ. ಅವರೂ ರಿಟೈರ್ ಆಗಿದ್ದಾರೆ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಕೂತ ಕೂಡಲೇ ಚಪ್ಪಲಿ ಬಿಚ್ಚಿ, ಕಾಲು ಚಾಚಿ, ಕೆರೆ ದಾಟುವುದರೊಳಗೆ ನಿದ್ದೆ ಹೋಗುತ್ತಾರೆ. ಆ ಜಾಗ ಸುಡುತ್ತಿತ್ತು ಎಂಬುದೂ ಅವರಿಗೆ ಗೊತ್ತಿಲ್ಲ, ತಣ್ಣಗಾಗಿದೆ ಎಂಬುದೂ ಗೊತ್ತಿಲ್ಲ.